ಹನ್ನೊಂದನೇ ಬೆಲ್ಲು

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ನನ್ನ ಅಂಗಡಿ ಮುಂದೆ ಬಾಯಿ ಬಿಟ್ಟರೆ ಸಾಕು, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅವರ ಬೆವರಿಳಿಸಿ ಕಳಿಸುತ್ತಿದ್ದ ಆಸಾಮಿ ನಾನು. "ನೀನೇ ಕಣ್ಣಾರೆ ಕಂಡ್ಯೋ, ಇಲ್ಲ ನಿನ್ನ ಷಡ್ಡಕ ಕಂಡ್ನೋ?" ಅಂತ ಕೇಳುತ್ತಿದ್ದೆ. ಯಾವಾಗ ಕೇಳಿದರೂ ಕಂಡವನು ಷಡ್ಡಕನೇ ಆಗಿರುತ್ತಿದ್ದ. ಅಂಗಡಿಯಲ್ಲಿ ಕೂತವರೆಲ್ಲ ನಗುತ್ತಿದ್ದರು, ಬಂದವನು ಮುಖ ಗಂಟು ಹಾಕಿಕೊಂಡು ಹೋಗುತ್ತಿದ್ದ. ಅದರಲ್ಲಿ ನನಗೆ ಬಹಳ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಈಗಲೂ ದೆವ್ವ ಇದೆ ಅಂತ ನಿಮ್ಮನ್ನು ಒಪ್ಪಿಸುವುದಕ್ಕೆ ನಾನು ಬರೆಯುತ್ತಿಲ್ಲ. ಚಾಮರಾಜನಗರದಲ್ಲಿ ಒಂದು ಆಯಸ್ಸು ಸೈಕಲ್ ರಿಪೇರಿ ಮಾಡಿದವನು ನಾನು. ಸೈಕಲ್ಲಿನಲ್ಲಿ ಒಂದು ಸದ್ದು ಬಂದರೆ ಅದು ಎಲ್ಲಿಂದ ಬರುತ್ತಿದೆ ಅಂತ ಕಂಡುಹಿಡಿಯುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ. ಈ ಒಂದು ಸದ್ದು ಎಲ್ಲಿಂದ ಬಂತು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ಓದಿದ ಮೇಲೆ ನೀವು ಏನು ಬೇಕಾದರೂ ಅಂದುಕೊಳ್ಳಿ.

ಐವತ್ತರ ದಶಕದ ಮಾತು. ಆಗ ಸೈಕಲ್ ಇಟ್ಟಿದ್ದಾನೆ ಅಂದರೆ ಊರಿನಲ್ಲಿ ಅವನಿಗೊಂದು ತೂಕ. ನನ್ನ ಅಂಗಡಿಗೆ ಬಂದುಹೋಗುವ ಗೆಳೆಯರೇ ಹತ್ತು ಜನ, ನಾನೂ ಸೇರಿ ಹನ್ನೊಂದು ಜನ, ಒಂದು ಪದ್ಧತಿ ಮಾಡಿಕೊಂಡಿದ್ದೆವು. ವರ್ಷಕ್ಕೊಂದು ಸಲ, ಮಾರ್ಗಶಿರದ ಚಳಿಯಲ್ಲಿ, ಮೂರು ದಿನ ಬಿಡುವು ಮಾಡಿಕೊಂಡು ಸೈಕಲ್ ಹತ್ತಿ ಎಲ್ಲಾದರೂ ಬಯಲಿನಲ್ಲಿ ಬಿಡಾರ ಹೂಡಿ ಬರುವುದು. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಭಾಷಣವಿಲ್ಲ. ಮೇಷ್ಟ್ರು ಒಬ್ಬರು, ಟೈಲರ್ ಒಬ್ಬ, ತಾಲ್ಲೂಕು ಕಚೇರಿ ಗುಮಾಸ್ತ ಒಬ್ಬ, ಮಿಕ್ಕವರು ಹೊಲಗದ್ದೆಯವರು, ವ್ಯಾಪಾರದವರು. ನಮ್ಮ ಮನೆಯ ಹೆಂಗಸರು "ವರ್ಸಕ್ಕೊಂದ್ಸಲ ಇವ್ರಿಗೆ ಕಾಲು ಕೆರೀತದೆ" ಅಂತ ಆಡಿಕೊಳ್ಳುತ್ತಿದ್ದರು.

ಮೊದಲ ವರ್ಷ ಕುದೇರಿನ ಕಡೆ ಒಂದು ಕೆರೆ ಏರಿಯ ಕೆಳಗೆ ಇಳಿದುಕೊಂಡೆವು. ಆಗ ಮೂರು ಒಲೆ ಹೂಡಿದ್ದೆವು, ಯಾರು ಯಾರ ಕೈಯಲ್ಲಿ ಉಣ್ಣಬಹುದು ಅನ್ನುವ ಲೆಕ್ಕದ ಮೇಲೆ. ಎರಡನೇ ವರ್ಷ ಬೇಗೂರಿನ ಆಚೆ ಮಾವಿನ ತೋಪಿನಲ್ಲಿ ಎರಡು ಒಲೆಯಾಯಿತು. ಮೂರನೇ ವರ್ಷ ಅಕಾಲದಲ್ಲಿ ಮಳೆ ಹನಿದು ಸೌದೆಯೆಲ್ಲ ನೆನೆದು ಒಂದೇ ಒಲೆ ಹತ್ತಿತು. ಹಸಿದವರೆಲ್ಲ ಅದರ ಸುತ್ತ ಕೂತು ಮುದ್ದೆ, ಅವರೆಕಾಳು ಸಾರು ಹೊಡೆದೆವು. ಆಮೇಲೆ ಯಾವತ್ತೂ ಎರಡನೇ ಒಲೆ ಹೂಡಲಿಲ್ಲ, ಊರಿಗೆ ಬಂದು ಆ ವಿಷಯ ಯಾರೂ ಬಾಯಿ ಬಿಡಲೂ ಇಲ್ಲ. ಅಂಥ ಸ್ನೇಹ ನಮ್ಮದು.

ಮೊದಲ ವರ್ಷವೇ ಒಂದು ಎಡವಟ್ಟು ಆಗಿತ್ತು. ನಮ್ಮ ಟೈಲರ್ ಬಾವಿ ಕಟ್ಟೆಯ ಮೇಲೆ ನಿದ್ದೆ ಹೋಗಿದ್ದ, ನಾವು ನೋಡಿಕೊಳ್ಳದೆ ಎರಡು ಮೈಲಿ ಬಂದುಬಿಟ್ಟಿದ್ದೆವು. ಇನ್ನು ಮೇಲೆ ಹೊರಡುವಾಗ ತಲೆ ಎಣಿಸೋಣ ಅಂದರೆ ಆ ಟೈಲರೇ ಸುತರಾಂ ಒಪ್ಪಲಿಲ್ಲ. ದಾರಿಗೆ ಬಿದ್ದ ಜನರನ್ನು ಎಣಿಸಬಾರದು, ಎಣಿಸಿದರೆ ಒಬ್ಬ ಕಮ್ಮಿಯಾಗುತ್ತಾನೆ ಅಂತ ಅವನ ತಾಯಿ ಹೇಳಿದ್ದಳಂತೆ. ನನಗೆ ರೇಗಿತು. "ಸರಿ ಕಣಪ್ಪ, ತಲೆ ಬ್ಯಾಡ, ಬೆಲ್ಲು ಎಣಿಸನ. ಬೆಲ್ಲಿಗೂ ನಿಮ್ಮವ್ವ ಏನಾದ್ರೂ ಹೇಳವ್ಳಾ?" ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಅಂದ ಆ ಮಾತೇ ನಮ್ಮ ಕಟ್ಟಳೆಯಾಗಿ ನಿಂತಿತು.

ಕಟ್ಟಳೆ ಬಹಳ ಸುಲಭ. ಸಾಲಿನಲ್ಲಿ ಮುಂದೆ ನಾನು. ನಿಂತು ಹೊರಡುವಾಗ ನಾನು ಒಂದು ಸಲ ಬೆಲ್ ಹೊಡೆಯುತ್ತೇನೆ. ನನ್ನ ಹಿಂದಿನವನು ಒಂದು, ಅವನ ಹಿಂದಿನವನು ಒಂದು, ಹೀಗೆ ಕೊನೆಯವರೆಗೆ. ಹನ್ನೊಂದು ಬಿತ್ತು ಅಂದರೆ ಎಲ್ಲರೂ ಇದ್ದಾರೆ, ಪೆಡಲ್ ತುಳಿಯಬಹುದು. ಹಿಂದೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಆ ಹನ್ನೊಂದು ಬೆಲ್ಲನ್ನೂ ಬಿಚ್ಚಿ ಎಣ್ಣೆ ಬಿಟ್ಟು ಕೂಡಿಸಿದವನು ನಾನೇ ಆದ್ದರಿಂದ ಯಾವುದು ಯಾರದು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಹನ್ನೊಂದನೆಯವನು ಚಂದಕವಾಡಿಯ ಸಿದ್ದಮಲ್ಲು. ವೀಳ್ಯದೆಲೆ ವ್ಯಾಪಾರ ಅವನದು. ತೋಟಗಳಲ್ಲಿ ಎಲೆ ಕೊಂಡು, ಸೈಕಲ್ಲಿನ ಎರಡು ಕಡೆ ಬುಟ್ಟಿ ಕಟ್ಟಿ, ಬಿಸಿಲು ಮಳೆ ಅನ್ನದೆ ಊರೂರು ಸಂತೆಗೆ ತುಳಿಯುತ್ತಿದ್ದ. ಹೊಲ ಇಲ್ಲ, ಮನೆ ಇಲ್ಲ, ಆ ಎರಡು ಕಾಲೇ ಅವನ ಆಸ್ತಿ. ಮದುವೆಯಾಗಿ ಎರಡು ವರ್ಷವಾಗಿತ್ತು, ಹೆಂಡತಿ ಗೌರಮ್ಮ. ನನಗಿಂತ ಮೂರು ವರ್ಷಕ್ಕೆ ಚಿಕ್ಕವನು, ಬಾಯಿ ತುಂಬ ಅಣ್ಣ ಅನ್ನುತ್ತಿದ್ದ. ನನಗೆ ಒಡಹುಟ್ಟಿದವರಿಲ್ಲ, ಅವನು ಹಾಗೆ ಕರೆದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಗಟ್ಟಿಮುಟ್ಟಾಗಿದ್ದುದರಿಂದ ಪಂಪು, ಪಂಕ್ಚರ್ ಸಾಮಾನು ಹೊತ್ತುಕೊಂಡು ಎಲ್ಲರಿಗಿಂತ ಹಿಂದೆ ಬರುವ ಕೆಲಸ ಅವನದು.

ಅವನ ಬೆಲ್ಲಿನೊಳಗೆ ಚಕ್ರದ ಒಂದು ಹಲ್ಲು ಮುರಿದಿತ್ತು. ಒತ್ತಿದರೆ ಮೊದಲು 'ಟಕ್' ಅಂದು, ಒಂದು ಗಳಿಗೆ ತಡೆದು, ಆಮೇಲೆ 'ಟ್ರಿಣ್' ಅನ್ನುತ್ತಿತ್ತು. ಹೊಸದು ಹಾಕಿಕೊಡುತ್ತೇನೆ ಅಂದರೆ ಕೇಳುತ್ತಿರಲಿಲ್ಲ. "ಬ್ಯಾಡ ಬುಡಣ್ಣ. ಈ ಸದ್ದು ಕೇಳೇ ಹೆಂಗಸ್ರು ಎಲೆ ತಗೊಳ್ಳಕೆ ಆಚೆ ಬರೋದು" ಅನ್ನುತ್ತಿದ್ದ. ಆ ಥರ ಹೊಡೆಯುವ ಬೆಲ್ಲು ನಮ್ಮ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ನಮ್ಮ ರಾಜ್ಯ ಒಂದಾದ ವರ್ಷವೋ, ಅದರ ಹಿಂದಿನ ವರ್ಷವೋ ಇರಬೇಕು. ಆ ಸಲ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಗೆ ಹೋಗಿ ಬಿಡಾರ ಹೂಡಿದೆವು. ಎರಡು ದಿನ ಬಹಳ ಚೆನ್ನಾಗಿ ಕಳೆಯಿತು. ಬೆಟ್ಟ ಹತ್ತಿ ಸ್ವಾಮಿ ದರ್ಶನ ಮಾಡಿದೆವು, ಮೇಷ್ಟ್ರು ಅಡುಗೆ ಕೆಡಿಸಿ ಎಲ್ಲರ ಕೈಲಿ ಬೈಸಿಕೊಂಡರು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಂಜು. ಮಂಜು ಅಂದರೆ ಚಾಚಿದ ಕೈ ಕಾಣದಂಥ ಮಂಜು. ಹೊತ್ತು ಮೇಲೆ ಬಂದರೂ ಕರಗಲಿಲ್ಲ. ಅಕ್ಕಿ ಹಿಟ್ಟು ಎಲ್ಲ ಮುಗಿದಿತ್ತು, ಗುಂಡ್ಲುಪೇಟೆಗೆ ಹೋಗಿಯೇ ತಿಂಡಿ ತಿನ್ನಬೇಕಿತ್ತು. ಹಸಿದರೆ ನಾನು ಮನುಷ್ಯನಲ್ಲ, ಎಲ್ಲರ ಮೇಲೂ ಹರಿಹಾಯುತ್ತಿದ್ದೆ.

ಗಂಟು ಕಟ್ಟುವಾಗ ಸಿದ್ದಮಲ್ಲು ಬಂದು, "ಅಣ್ಣ, ಹಿಂದ್ಲ ಬ್ರೇಕ್ ರಬ್ಬರ್ ಸವೆದೋಗದೆ. ಮುಂದ್ಲದೂ ಅಷ್ಟಕ್ಕಷ್ಟೇ. ಒಂದ್ಸಲ ನೋಡ್ಬುಡು" ಅಂದ. ರಬ್ಬರ್ ನನ್ನ ಚೀಲದಲ್ಲೇ ಇತ್ತು. ಚೀಲ ಸೈಕಲ್ಲಿಗೆ ಕಟ್ಟಿ ಆಗಿತ್ತು. ಬಿಚ್ಚಿ ಹಾಕುವುದಕ್ಕೆ ಹತ್ತು ನಿಮಿಷ ಸಾಕಾಗಿತ್ತು. "ಈ ಮಂಜಲ್ಲಿ ಯಾವನ್ಲಾ ಜೋರಾಗಿ ಓಡಿಸ್ತಾನೆ? ಪ್ಯಾಟೆಗೆ ನಡಿ, ಅಲ್ಲಿ ಹಾಕ್ಕೊಡ್ತೀನಿ" ಅಂದೆ. ಅವನು "ಆಯ್ತು ಬುಡಣ್ಣ" ಅಂದು ಸಾಲಿನ ಹಿಂದಕ್ಕೆ ಹೋದ. ಆ ಮಾತನ್ನು ಎಷ್ಟು ಸಲ ನಾಲಿಗೆ ಕಚ್ಚಿಕೊಂಡು ನೆನೆಸಿಕೊಂಡಿದ್ದೇನೋ ಆ ಸ್ವಾಮಿಗೇ ಗೊತ್ತು.

ತಪ್ಪಲಿನಿಂದ ದೊಡ್ಡ ರಸ್ತೆಗೆ ಬರುವ ಗಾಡಿ ದಾರಿ ಕೊನೆಯಲ್ಲಿ ಸ್ವಲ್ಪ ಇಳಿಜಾರು. ಒಂದು ತಿರುವು, ತಿರುವಿನ ಪಕ್ಕಕ್ಕೆ ಹಳ್ಳ. ನಾನು ಮುಂದಿದ್ದುದರಿಂದ ಇಳಿದು ತಳ್ಳಿಕೊಂಡೇ ಬಂದೆ, ಹಿಂದಿನವರಿಗೂ ಕೂಗಿ ಹೇಳಿದೆ. ದೊಡ್ಡ ರಸ್ತೆ ಸೇರುವ ಕಡೆ ನಿಂತೆ. ಒಬ್ಬೊಬ್ಬರೇ ಬಂದು ನಿಂತ ಸದ್ದು ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಟೈಲರೇ ಬರಿಯ ಒಂದು ಕರಿ ಮಬ್ಬಾಗಿ ಕಾಣುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ನಾನು ಬೆಲ್ ಹೊಡೆದೆ.

ಎರಡು, ಮೂರು, ನಾಲ್ಕು. ಎಲ್ಲವೂ ಸಾಲಾಗಿ ಬಂದವು. ಒಂಬತ್ತು ಮೇಷ್ಟ್ರದು, ಹತ್ತು ಗುಮಾಸ್ತನದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ನಾನು ಕಾದೆ. ಆಗ ಕೇಳಿಸಿತು. ಟಕ್. ಒಂದು ಚೂರು ತಡೆದು, ಟ್ರಿಣ್.

ದೂರದಿಂದ ಬಂದ ಸದ್ದಲ್ಲ ಅದು. ಸಾಲು ನನ್ನ ಹಿಂದಕ್ಕೆ ನಿಂತಿದ್ದರೂ ಆ ಸದ್ದು ನನ್ನ ಎಡಗಡೆ, ನಾಲ್ಕು ಮಾರು ದೂರದಲ್ಲಿ ಬಂತು. ಮುಂದಕ್ಕೆ ಬಂದುಬಿಟ್ಟಿದ್ದಾನೆ ಅಂದುಕೊಂಡೆ. "ಏನ್ಲಾ ಸಿದ್ದ, ಬ್ರೇಕು ಹಿಡೀತಾ?" ಅಂತ ಆ ಕಡೆ ತಿರುಗಿ ಕೇಳಿದೆ. ಜವಾಬಿಲ್ಲ. ರಬ್ಬರ್ ಹಾಕಿಕೊಡಲಿಲ್ಲ ಅಂತ ಕೋಪ ಬಂದಿರಬೇಕು, ಇರಲಿ, ಪೇಟೆಯಲ್ಲಿ ಒಂದು ಮಸಾಲೆ ದೋಸೆ ಕೊಡಿಸಿದರೆ ಇಳಿಯುತ್ತದೆ ಅಂದುಕೊಂಡು "ನಡೀರಪ್ಪ" ಅಂತ ಕೂಗಿ ತುಳಿದೆ. ಕಟ್ಟಳೆಯ ಪ್ರಕಾರ ಹಿಂದೆ ತಿರುಗಿ ನೋಡಲಿಲ್ಲ.

ಗುಂಡ್ಲುಪೇಟೆ ಹತ್ತಿರ ಬರುತ್ತ ಮಂಜು ತೆಳುವಾಯಿತು. ಹೋಟೆಲಿನ ಮುಂದೆ ಸೈಕಲ್ ಒರಗಿಸಿ ಒಳಗೆ ನುಗ್ಗಿದೆವು. ಹನ್ನೊಂದು ಪ್ಲೇಟ್ ಇಡ್ಲಿ ಅಂತ ನಾನೇ ಕೂಗಿದೆ. ಬಿಸಿ ಇಡ್ಲಿ ಬಂತು, ಎಲ್ಲರೂ ತಿನ್ನುತ್ತಿದ್ದೆವು. ಒಂದು ಪ್ಲೇಟ್ ಮಾತ್ರ ಮೇಜಿನ ಮೇಲೆ ಹಾಗೇ ಆರುತ್ತಿತ್ತು. "ಇದ್ಯಾರ್ದು?" ಅಂತ ಟೈಲರ್ ಕೇಳಿದ. ಎಲ್ಲರೂ ಬಾಗಿಲ ಕಡೆ ನೋಡಿದೆವು. ಪಂಕ್ಚರ್ ಆಗಿರಬಹುದು, ಬರುತ್ತಾನೆ ಅಂತ ಯಾರೋ ಅಂದರು. ಇನ್ನೊಂದು ಅರ್ಧ ಗಂಟೆ ಹಾಗೇ ಕಳೆದೆವು. ಆಮೇಲೂ ಅವನ ಸುಳಿವಿಲ್ಲ. ನಾನೂ ಟೈಲರೂ ಬಂದ ದಾರಿಯಲ್ಲೇ ವಾಪಸು ತುಳಿದೆವು.

ಅರ್ಧ ದಾರಿಯಲ್ಲಿ ಎದುರಿಗೆ ಎತ್ತಿನ ಗಾಡಿ ಸಿಕ್ಕಿತು. ಹುಲ್ಲಿನ ಮೇಲೆ ಸಿದ್ದಮಲ್ಲು ಮಲಗಿದ್ದ. ಪಂಚೆ ಪೂರ್ತಿ ರಕ್ತವಾಗಿತ್ತು. ಬಲಗಾಲಿನ ಮೂಳೆ ಮೊಣಕಾಲ ಕೆಳಗೆ ಆಚೆ ಬಂದಿತ್ತು, ಅದನ್ನು ಹೇಗೆ ನೋಡಿದೆನೋ. ಅವನು ಕಣ್ಣು ಬಿಟ್ಟು "ಅಣ್ಣಾ" ಅಂದ, ಅಷ್ಟೇ. ಗಾಡಿಯವನು ನಮ್ಮನ್ನು ಚೆನ್ನಾಗಿ ಬೈದ. "ಏನ್ ಜನ್ರಯ್ಯಾ ನೀವು, ಜತೇಲಿದ್ದೋನ್ನ ಹಳ್ಳಕ್ಕೆ ಬೀಳುಸ್ಬುಟ್ಟು ಓಗಿದ್ದೀರಲ್ಲ! ತಿರುವಿನಲ್ಲೇ ಬಿದ್ದವ್ನೆ." ಆ ತಿರುವು ನಾವು ನಿಂತಿದ್ದ ಜಾಗಕ್ಕೆ ಒಂದೂವರೆ ಫರ್ಲಾಂಗ್ ಹಿಂದೆ. ಸಿದ್ದಮಲ್ಲು ದೊಡ್ಡ ರಸ್ತೆಗೆ ಬಂದೇ ಇರಲಿಲ್ಲ.

ಬಸ್ಸು ಹಿಡಿದು ಮೈಸೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಸಾಯಂಕಾಲವಾಯಿತು. ಪಾದ ತಣ್ಣಗೆ ನೀಲಿಯಾಗಿತ್ತು. ಒಂದೆರಡು ಗಂಟೆ ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂತ ಡಾಕ್ಟರು ಹೇಳಿದರು. ಕಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು. ಸುದ್ದಿ ತಿಳಿದು ಬಂದ ಗೌರಮ್ಮ ವರಾಂಡದಲ್ಲಿ ನೆಲದ ಮೇಲೆ ಕೂತಿದ್ದಳು, ಬಸುರಿ ಹೆಂಗಸು. ನನ್ನನ್ನು ನೋಡಿ "ನೀವು ಜತೇಲಿದ್ರಲ್ಲ ಭಾವ" ಅಂದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಮಾರನೆಯ ದಿನ ಒಬ್ಬನೇ ಆ ಹಳ್ಳಕ್ಕೆ ಹೋದೆ. ಸೈಕಲ್ ಇನ್ನೂ ಅಲ್ಲೇ ಬಿದ್ದಿತ್ತು. ಹಿಂದಿನ ಬ್ರೇಕಿನಲ್ಲಿ ರಬ್ಬರೇ ಇರಲಿಲ್ಲ, ಕಳಚಿ ಎಲ್ಲೋ ಬಿದ್ದಿತ್ತು. ಹ್ಯಾಂಡಲ್ ಕಲ್ಲಿಗೆ ಹೊಡೆದು ತಿರುಚಿಕೊಂಡಿತ್ತು. ಬೆಲ್ಲಿನ ಮುಚ್ಚಳ ಹಾರಿಹೋಗಿತ್ತು, ತರಗೆಲೆ ಕೆದಕಿ ಹುಡುಕಿದಾಗ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಆ ಹಳ್ಳದಲ್ಲಿ ಕೂತು ಅತ್ತೆ. ಮುಚ್ಚಳ ಇಲ್ಲದ ಬೆಲ್ಲು ಎಷ್ಟು ಒತ್ತಿದರೂ ಟಕ್ ಟಕ್ ಅನ್ನುತ್ತದೆಯೇ ಹೊರತು ಟ್ರಿಣ್ ಅನ್ನುವುದಿಲ್ಲ.

ನಂಬದವನಲ್ಲವೇ ನಾನು, ಸುಮ್ಮನಿರಲಿಲ್ಲ. ಮೊದಲು ಯಾರೋ ಕುಚೇಷ್ಟೆ ಮಾಡಿದ್ದಾರೆ ಅಂದುಕೊಂಡೆ. ಒಂಬತ್ತು ಜನರ ಸೈಕಲ್ಲನ್ನೂ ಅಂಗಡಿಗೆ ತರಿಸಿ ಒಂದೊಂದೇ ಬೆಲ್ ಹೊಡೆದು ನೋಡಿದೆ. ಯಾವುದೂ ಆ ಸದ್ದು ಕೊಡಲಿಲ್ಲ. ಬೀಳುವ ರಭಸಕ್ಕೆ ಅವನ ಬೆಲ್ಲೇ ಹೊಡೆದಿರಬೇಕು, ಮಂಜಿನಲ್ಲಿ ಸದ್ದಿನ ದಿಕ್ಕು ತಪ್ಪುತ್ತದೆ ಅಂದರು ಮೇಷ್ಟ್ರು. ಹಾಗಾದರೆ ಬಿದ್ದ ಸದ್ದು ಯಾಕೆ ಕೇಳಿಸಲಿಲ್ಲ, ಸರಿಯಾಗಿ ಹತ್ತನೆಯದು ಆದ ಮೇಲೇ ಯಾಕೆ ಹೊಡೆಯಿತು ಅಂತ ಕೇಳಿದೆ.

ಮೊದಮೊದಲು ಎಲ್ಲರೂ ತಮಗೂ ಕೇಳಿಸಿತು ಅಂದರು. ತಿಂಗಳು ಕಳೆದಂತೆ ಒಬ್ಬೊಬ್ಬರದೂ ಸಡಿಲವಾಗುತ್ತ ಬಂತು. ಕೊನೆಗೆ ಹತ್ತನೆಯವನಾದ ಗುಮಾಸ್ತ ಒಂದು ದಿನ ತಲೆ ತಗ್ಗಿಸಿಕೊಂಡು, "ನೀವು ನಡೀರಿ ಅಂದ್ರಿ. ನೀವು ಅಂದ ಮೇಲೆ ಬೆಲ್ಲು ಹೊಡೆದೇ ಇರ್ಬೇಕು ಅನ್ಕೊಂಡೆ. ನಾನು ಕೇಳಿಸ್ಕೊಂಡ್ನೋ ಇಲ್ವೋ, ಈಗ ಆಣೆ ಮಾಡಿ ಹೇಳಕ್ಕಾಗಲ್ಲ" ಅಂದ. ಅವನು ಹೋದ ಮೇಲೆ ಅಂಗಡಿ ಬಾಗಿಲು ಹಾಕಿಬಿಟ್ಟೆ. ಹಸಿವಿಗೆ, ಅವಸರಕ್ಕೆ, ಹೊಡೆಯದ ಬೆಲ್ಲನ್ನು ಹೊಡೆಯಿತು ಅಂತ ನನ್ನ ಕಿವಿಯೇ ಹೇಳಿಬಿಟ್ಟಿತೇ? ಹಾಗಾದರೆ ಆ ಕಾಲು ತೆಗೆದವನು ಡಾಕ್ಟರಲ್ಲ, ನಾನು.

ಮುಂದಿನ ಮಾರ್ಗಶಿರದಲ್ಲಿ ಎಲ್ಲಿಗೆ ಹೋಗೋಣ ಅಂತ ಯಾರೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ನಮ್ಮ ಕೂಟ ಹಾಗೆ ಮುಗಿಯಿತು.

ಆದರೆ ಅದಕ್ಕೂ ಮುಂಚೆ, ಬೇಸಿಗೆಯಲ್ಲಿ, ನಡೆದ ಒಂದು ವಿಷಯ ಹೇಳಬೇಕು. ನಾನು ಸಿದ್ದಮಲ್ಲುವಿನ ಮುಖ ನೋಡುವುದಕ್ಕೆ ಹೆದರಿ ಚಂದಕವಾಡಿ ಕಡೆ ತಲೆ ಹಾಕಿರಲಿಲ್ಲ. ಅನ್ನ ಸೇರದೆ ಅರ್ಧವಾಗಿದ್ದೆ, ಅಂಗಡಿ ತೆಗೆದರೆ ತೆಗೆದೆ, ಇಲ್ಲದಿದ್ದರೆ ಇಲ್ಲ. ಒಂದು ಮಧ್ಯಾಹ್ನ ಅವನೇ ಬಂದ. ಕಂಕುಳಲ್ಲಿ ಎರಡು ಊರುಗೋಲು. ಬೆಂಚಿನ ಮೇಲೆ ಕೂತು, ಬೆವರು ಒರೆಸಿಕೊಂಡು, "ಅಣ್ಣ, ನೀನಿಂಗೆ ಕೊರಗ್ತಾ ಇದ್ದೀಯ ಅಂತ ಟೈಲರಣ್ಣ ಏಳ್ದ. ನಿಂಗೊಂದು ಮಾತು ಏಳ್ಬೇಕು ಅಂತ್ಲೇ ಬಂದೆ" ಅಂದ.

ಅವನು ಹೇಳಿದ್ದು ಇಷ್ಟು. ಹಳ್ಳದಲ್ಲಿ ಬಿದ್ದಾಗ ಅವನಿಗೆ ಎಚ್ಚರವಿತ್ತಂತೆ. ನಾವು ಬೆಲ್ ಎಣಿಸುವುದು ಕೇಳಿಸುತ್ತಿತ್ತಂತೆ. ಹತ್ತು ಆದ ಮೇಲೆ ತನ್ನದು ಬೀಳದಿದ್ದರೆ ಹುಡುಕಿಕೊಂಡು ಬರುತ್ತಾರೆ ಅಂತ ಧೈರ್ಯವಾಗಿದ್ದನಂತೆ. "ಆಗ ನನ್ ಬೆಲ್ಲು ನಂಗೇ ಕೇಳುಸ್ತು ಕಣಣ್ಣ. ಟಕ್ ಅಂದು ಟ್ರಿಣ್ ಅಂತು, ಅಲ್ಲಿ, ನಿಮ್ ಜತೇಲಿ. ನೀನು ಬ್ರೇಕು ಹಿಡೀತಾ ಅಂದಿದ್ದೂ ಕೇಳುಸ್ತು. ಆಗ ಅನ್ಕೊಂಡೆ, ನಾನು ಸತ್ತೋದೆ, ನನ್ ಜೀವ ನಿಮ್ ಜತೆ ಒಂಟೋಯ್ತು, ಇಲ್ಲಿ ಬಿದ್ದಿರೋದು ಬರೀ ಮೈಯಿ ಅಂತ. ಅದ್ಕೇ ನಾನು ಕೂಗ್ಲೇ ಇಲ್ಲ. ಸತ್ತೋನು ಯಾಕೆ ಕೂಗಾನು? ನಿನ್ ಕಿವಿ ಸುಳ್ಳು ಏಳ್ಲಿಲ್ಲ ಕಣಣ್ಣ. ನೀನು ಸರಿಯಾಗೇ ಎಣಿಸ್ದೆ."

ನಾನು ಅವನ ಇದ್ದ ಒಂದು ಕಾಲನ್ನು ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ. ಅವನು ನನ್ನ ಬೆನ್ನು ತಟ್ಟುತ್ತ, "ಬುಡಣ್ಣ, ಬುಡು" ಅನ್ನುತ್ತಿದ್ದ. ಆ ಮಾತಿನಿಂದ ನಾನು ಬದುಕಿದೆ, ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ನನ್ನ ಅಂಗಡಿಗೆ ಒತ್ತಿಕೊಂಡೇ ಅವನಿಗೊಂದು ಎಲೆ ಅಡಿಕೆ ಅಂಗಡಿ ಹಾಕಿಕೊಟ್ಟೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ಬರೂ ಅಕ್ಕಪಕ್ಕ ಕೂತೆವು. ಬ್ರೇಕ್ ರಬ್ಬರಿನ ವಿಷಯ ಅವನು ಒಂದು ದಿನವೂ ಎತ್ತಲಿಲ್ಲ, ನನ್ನ ಎದುರಿಗೂ ಇಲ್ಲ, ಬೇರೆಯವರ ಎದುರಿಗೂ ಇಲ್ಲ. ಬೆಲ್ಲಿನ ವಿಷಯವನ್ನು ನಾವಿಬ್ಬರೂ ಮತ್ತೆ ಮಾತಾಡಲಿಲ್ಲ.

ಅವನು ತೀರಿಹೋಗಿ ಒಂದು ತಿಂಗಳಾದ ಮೇಲೆ ಗೌರಮ್ಮನನ್ನು ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಮಗ ಕೆಲಸಕ್ಕೆ ಹೋಗಿದ್ದ, ಅವಳೊಬ್ಬಳೇ ಜಗಲಿಯ ಮೇಲೆ ಎಲೆ ಕಟ್ಟು ಕಟ್ಟುತ್ತಿದ್ದಳು. ಮಾತಿಗೆ ಮಾತು ಬಂದು ಆ ಹಳೆಯ ದಿನದ ಸುದ್ದಿ ಎದ್ದಿತು. ಅವತ್ತು ಹಳ್ಳದಲ್ಲಿ ಅವನಿಗೆ ಕೇಳಿಸಿದ್ದರ ಬಗ್ಗೆ ನಿನಗೆ ಹೇಳಿದ್ದನೇನಮ್ಮ ಅಂದೆ.

"ಏನು ಕೇಳುಸ್ತದೆ ಭಾವ?" ಅಂದಳು ಅವಳು, ಕೈಕೆಲಸ ನಿಲ್ಲಿಸದೆ. "ಬಿದ್ದೇಟ್ಗೆ ಗ್ಯಾನ ತಪ್ಪೋಗಿತ್ತಂತಲ್ಲ. ಗಾಡಿಯೋನು ಬಂದು ಮುಖಕ್ಕೆ ನೀರು ಚುಮುಕ್ಸಿದ್ ಮೇಲೇ ಕಣ್ ಬುಟ್ಟಿದ್ದಂತೆ. ನಡುವೆ ಏನಾಯ್ತು ಅಂತ ಒಂದೂ ಗೊತ್ತಿಲ್ಲ ಕಣಮ್ಮಿ ಅಂತ ಎಷ್ಟ್ ದಪ ಏಳವ್ರೆ ನಂಗೆ."

ಹೆಂಡತಿ ಹೆದರಿಕೊಳ್ಳುತ್ತಾಳೆ ಅಂತ ಅವಳಿಗೆ ಸುಳ್ಳು ಹೇಳಿದನೋ, ಅಣ್ಣ ಕೊರಗಿ ಸತ್ತುಹೋಗುತ್ತಾನೆ ಅಂತ ನನಗೆ ಸುಳ್ಳು ಹೇಳಿದನೋ? ಆದರೆ ಬ್ರೇಕು ಹಿಡೀತಾ ಅಂತ ನಾನು ಕೇಳಿದ್ದು ಅವನಿಗೆ ಹೇಗೆ ಗೊತ್ತಾಯಿತು? ಟೈಲರ್ ಪಕ್ಕದಲ್ಲೇ ನಿಂತಿದ್ದ, ಅವನು ಹೇಳಿರಬಹುದು. ಹೇಳದೆಯೂ ಇರಬಹುದು. ಟೈಲರ್ ಅಷ್ಟರಲ್ಲಿ ತೀರಿಕೊಂಡಿದ್ದ, ಯಾರನ್ನು ಕೇಳಲಿ? ದೆವ್ವ ಅಂದವರನ್ನು ನಕ್ಕು ಓಡಿಸುತ್ತಿದ್ದ ನಾನು, ದೇವರೇ, ಅದು ದೆವ್ವವೇ ಆಗಿರಲಪ್ಪ ಅಂತ ಆ ಜಗಲಿಯ ಮೇಲೆ ಕೂತು ಬೇಡಿಕೊಂಡೆ.

ಗೌರಮ್ಮ ಕೈಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಯಾಕ್ ಭಾವ? ನಿಮ್ತಾವ ಬ್ಯಾರೆ ಏನಾರ ಏಳಿದ್ರಾ?"

"ಇಲ್ಲ ಕಣವ್ವ," ಅಂದೆ. "ನನಗೂ ಹಂಗೇ ಹೇಳಿದ್ದ."